ನಂಜಮ್ಮ, ಬೋರಯ್ಯ, ತಿಮ್ಮಕ್ಕ: ಈ ಹೆಸರುಗಳು ಮತ್ತೆ ತೊಟ್ಟಿಲಿಗೆ ಬರುತ್ತವೆಯೇ?

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮಗಳ ನಾಮಕರಣ. ನನ್ನ ಅಜ್ಜಿಯ ಹೆಸರು ನಂಜಮ್ಮ. ಅದನ್ನೇ ಇಡಬೇಕೆಂಬ ಆಸೆ ನನಗೆ. ‘ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ’ ಎಂದು ಮನೆಯವರೆಲ್ಲ ಬೇಡವೆನ್ನುತ್ತಿದ್ದಾರೆ. ಹಳೆಯ ಕಾಲದ ಹೆಸರುಗಳು ಮತ್ತೆ ಚಾಲ್ತಿಗೆ ಬರುತ್ತವೆಯೇ, ಅಥವಾ ಅವುಗಳ ಕಾಲ ಮುಗಿದೇಹೋಯಿತೇ?

ಉತ್ತರ: ಕೆಲವು ಬರುತ್ತವೆ, ಕೆಲವು ಆಗಲೇ ಬಂದಿವೆ, ಕೆಲವು ಎಂದೂ ಬರುವುದಿಲ್ಲ. ಬಾರದಿದ್ದರೇ ಒಳ್ಳೆಯದು ಎನ್ನಿಸುವ ಹೆಸರುಗಳೂ ಇವೆ. ಹೆಸರು ಕಿವಿಗೆ ಇಂಪಾಗಿದೆಯೇ ಎಂಬುದಕ್ಕಿಂತ, ಅದನ್ನು ಹೊತ್ತು ಬಾಳಿದವರನ್ನು ನಾವು ಹೇಗೆ ನೆನಪಿಟ್ಟುಕೊಂಡಿದ್ದೇವೆ ಎಂಬುದರ ಮೇಲೆ ಇದೆಲ್ಲ ನಿಂತಿದೆ.

ಮನೆಯಲ್ಲಿ ಯಾವುದಾದರೂ ಮದುವೆಯ ಆಮಂತ್ರಣ ಪತ್ರಿಕೆ ಇದ್ದರೆ ತೆಗೆದು ನೋಡಿ. ಮೇಲ್ಗಡೆ ‘ಶ್ರೀಮತಿ ನಂಜಮ್ಮ ಮತ್ತು ದಿ|| ಚಿಕ್ಕಬೋರಯ್ಯನವರ ಮೊಮ್ಮಗ’ ಎಂದಿರುತ್ತದೆ. ಅದರ ಕೆಳಗೆ ‘ಶ್ರೀಮತಿ ಸರೋಜ ಮತ್ತು ಶ್ರೀ ನಾಗರಾಜು ಅವರ ಪುತ್ರ’. ನಡುವೆ ದಪ್ಪಕ್ಷರದಲ್ಲಿ ಚಿ|| ರಾ|| ಕಿರಣ್. ಎಲ್ಲಕ್ಕಿಂತ ಕೆಳಗೆ, ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದು ಕರೆಯುವ ಪುಟಾಣಿಗಳು: ಆದ್ಯ, ವಿಹಾನ್. ಒಂದೇ ಹಾಳೆಯಲ್ಲಿ ನಾಲ್ಕು ತಲೆಮಾರು. ಈಗ ಆ ಪುಟಾಣಿಗಳ ಬೆನ್ನಿಗೆ ಹುಟ್ಟುವ ಮಗುವಿಗೆ ಇದರಲ್ಲೇ ಒಂದು ಹೆಸರು ಆರಿಸಬೇಕೆಂದರೆ ಯಾವುದಕ್ಕೆ ಕೈಹಾಕುತ್ತೀರಿ? ನಾಗರಾಜು ಎಂದು ಯಾರೂ ಇಡುವುದಿಲ್ಲ ಎಂದು ನನ್ನ ಊಹೆ. ನಾಗರಾಜು ಎಂದರೆ ಇನ್ನೂ ಕಚೇರಿಗೆ ಹೋಗುವ, ಪೆನ್ಷನ್ ಲೆಕ್ಕ ಹಾಕುತ್ತಿರುವ ಚಿಕ್ಕಪ್ಪ. ತೊಟ್ಟಿಲಲ್ಲಿ ಮಲಗಿರುವ ಕೂಸನ್ನು ಆ ಹೆಸರಿನಿಂದ ಕರೆಯಲು ಬಾಯಿ ಬರುವುದಿಲ್ಲ. ರಮೇಶ, ಸುರೇಶ, ಸುನೀತಾ, ಸವಿತಾ ಇವೆಲ್ಲವೂ ಸದ್ಯಕ್ಕೆ ಇದೇ ಪಾಡಿನಲ್ಲಿವೆ. ಎಲ್ಲಕ್ಕಿಂತ ಹಳತಾಗಿ ಕಾಣುವುದು ಅಪ್ಪ ಅಮ್ಮಂದಿರ ಪೀಳಿಗೆಯ ಹೆಸರು. ಮುತ್ತಜ್ಜಿಯ ಹೆಸರು ಅಷ್ಟರಲ್ಲಿ ದೂರ ಸರಿದು ಹೊಸದಾಗತೊಡಗಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಸಂಗತಿಯಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಬಳಿ 1880ರಿಂದ ಮಕ್ಕಳ ಹೆಸರುಗಳ ಪಟ್ಟಿ ಇದೆ. ಆ ವರ್ಷ ಹುಡುಗಿಯರ ಹೆಸರುಗಳಲ್ಲಿ ಮೂರನೆಯ ಸ್ಥಾನದಲ್ಲಿದ್ದ ಎಮ್ಮಾ 1970ರ ದಶಕದ ಹೊತ್ತಿಗೆ ನಾನೂರರ ಆಚೆಗೆ ಬಿದ್ದಿತ್ತು. 2008ರಲ್ಲಿ ಅದೇ ಹೆಸರು ಮೊದಲ ಸ್ಥಾನಕ್ಕೆ ಬಂತು. 2014ರಿಂದ 2018ರವರೆಗೆ ಸತತ ಐದು ವರ್ಷ ಅಲ್ಲೇ ಕೂತಿತ್ತು. ಆದರೆ ಅದೇ 1880ರಲ್ಲಿ ಮೊದಲ ಹತ್ತರೊಳಗಿದ್ದ ಬರ್ತಾ, ಮಿನ್ನಿ ಹೋದವು ಹೋದವೇ. ನೂರು ವರ್ಷ ಕಾದ ಮಾತ್ರಕ್ಕೆ ಎಲ್ಲ ಹೆಸರಿಗೂ ಯೋಗ ಕೂಡಿಬರುವುದಿಲ್ಲ.

ನಮ್ಮಲ್ಲಿ ಹೆಸರು ಮರಳಿ ಬರುವುದಕ್ಕೆ ಫ್ಯಾಷನ್ನಿನ ಹಂಗೇ ಇರಲಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಹೆಸರು ತಾನಾಗಿ ಬಂದು ಸೇರುತ್ತಿತ್ತು. ಇದರಲ್ಲೊಂದು ಫಜೀತಿ ಇತ್ತು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಾಗಿರುವಾಗ ಮಾವನ ಹೆಸರನ್ನೇ ಹೊತ್ತ ಮಗನನ್ನು ಗದರುವುದು ಹೇಗೆ? ಅದಕ್ಕಾಗಿ ಪುಟ್ಟ, ಮರಿ, ಅಪ್ಪಾಜಿ, ಅಜ್ಜಯ್ಯ ಎಂಬ ಕರೆಯುವ ಹೆಸರುಗಳು ಹುಟ್ಟಿಕೊಂಡವು. ಎಷ್ಟೋ ಜನರಿಗೆ ತಮ್ಮ ನಿಜವಾದ ಹೆಸರು ಗೊತ್ತಾದದ್ದು ಶಾಲೆಗೆ ಸೇರಿಸುವ ದಿನ, ಮೇಷ್ಟರು ಕೇಳಿದಾಗ.

ಈ ಸರಪಳಿ ಕಳಚಿದ್ದನ್ನು ನೋಡಲು ಕುವೆಂಪು ಅವರ ಮನೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ತಂದೆ ವೆಂಕಟಪ್ಪ, ತಾಯಿ ಸೀತಮ್ಮ, 1904ರಲ್ಲಿ ಹುಟ್ಟಿದ ಮಗ ಪುಟ್ಟಪ್ಪ. 1938ರಲ್ಲಿ ಪುಟ್ಟಪ್ಪನವರಿಗೆ ಮಗ ಹುಟ್ಟಿದಾಗ ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಆಮೇಲೆ ಬಂದವರು ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಒಂದೇ ತಲೆಮಾರಿನೊಳಗೆ ಒಂದೇ ಮನೆಯಲ್ಲಿ ‘ಅಪ್ಪ’ ಹೋಗಿ ಚಂದ್ರ, ಕೋಗಿಲೆ ಬಂದರು. ಮಿಕ್ಕವರು ಇಷ್ಟು ಧೈರ್ಯ ಮಾಡದೆ ನಿಧಾನಕ್ಕೆ ಬಾಲ ಕತ್ತರಿಸಿದರು: ಬಸಪ್ಪ ಬಸವರಾಜನಾದ, ಈರಪ್ಪ ವೀರೇಶನಾದ, ಮಾದಪ್ಪ ಮಾದೇಶನಾದ, ಕೊನೆಗೆ ಎಲ್ಲರ ಹಿಂದೆಯೂ ಒಂದು ಅರ್ಧಾಕ್ಷರ ಬಂದು ರಮೇಶ್, ಮಹೇಶ್ ಆದರು.

ಬಿಟ್ಟದ್ದು ಬರೀ ಮೋಜಿಗಲ್ಲ ಎಂಬುದನ್ನೂ ಹೇಳಬೇಕು. ಒಂದೇ ದೇವರ ಹೆಸರು ಒಬ್ಬನಿಗೆ ಮಾದ, ಇನ್ನೊಬ್ಬನಿಗೆ ಮಾದಪ್ಪ, ಮತ್ತೊಬ್ಬನಿಗೆ ಮಹದೇವಯ್ಯ ಆಗಿದ್ದ ಕಾಲವದು. ಹೆಸರು ಕೇಳಿದ ಕೂಡಲೇ ಕೇರಿ ಯಾವುದೆಂದು ತಿಳಿಯುತ್ತಿತ್ತು. ಜಗಲಿಯ ಮೇಲೆ ಕೂರಿಸಬೇಕೋ ಅಂಗಳದಲ್ಲಿ ನಿಲ್ಲಿಸಬೇಕೋ ಎಂಬುದೂ ತೀರ್ಮಾನವಾಗುತ್ತಿತ್ತು. ಕೆಂಚ, ಕರಿಯ, ಮಾರ ಎನ್ನಿಸಿಕೊಂಡವರು ಮಕ್ಕಳಿಗೆ ಪ್ರಕಾಶ, ಆನಂದ ಎಂದು ಇಟ್ಟದ್ದು ಆ ಅಂಗಳದಿಂದ ಮೇಲಕ್ಕೇರಲು. ‘ಮಣ್ಣಿನ ಸೊಗಡಿನ ಆ ಹೆಸರುಗಳೆಲ್ಲ ಎಲ್ಲಿ ಹೋದವು’ ಎಂದು ಹಲುಬುವವರ ಮನೆಯಲ್ಲಿ ಸಾಮಾನ್ಯವಾಗಿ ಆ ಹೆಸರಿನವರು ಯಾರೂ ಇರುವುದಿಲ್ಲ. ಅಂಥ ಹೆಸರು ಮರಳಬೇಕೆಂದರೆ, ಅದನ್ನು ಹೊತ್ತವರ ಮೊಮ್ಮಕ್ಕಳೇ ಬಯಸಿ ತರಬೇಕು. ಬೇರೆಯವರಿಗೆ ಆ ಹಕ್ಕಿಲ್ಲ.

ತಿಪ್ಪಮ್ಮ, ಗುಂಡ, ಕಲ್ಲಪ್ಪಗಳ ಕಥೆ ಇನ್ನೊಂದು ಬಗೆಯದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣಿಗೆ ಬೇಡವಾಗಲಿ ಎಂದು ಇಂಥ ಹೆಸರಿಡುತ್ತಿದ್ದರು. ಲಸಿಕೆ, ಆಸ್ಪತ್ರೆಗಳು ಬಂದ ಮೇಲೆ ಆ ಹೆಸರಿಗೆ ಕೆಲಸವೇ ಉಳಿಯಲಿಲ್ಲ. ತಿಪ್ಪೇಸ್ವಾಮಿ ಮಾತ್ರ ಚಿತ್ರದುರ್ಗದ ಕಡೆ ಗಟ್ಟಿಯಾಗಿ ನಿಂತಿದ್ದಾನೆ, ಏಕೆಂದರೆ ಅವನ ಬೆನ್ನಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಇದ್ದಾನೆ. ಕೊಟ್ಟೂರಿನ ಕೊಟ್ರೇಶ, ಕೊಪ್ಪಳದ ಗವಿಸಿದ್ಧಪ್ಪ, ಸವದತ್ತಿಯ ಯಲ್ಲಮ್ಮ, ಧರ್ಮಸ್ಥಳದ ಮಂಜುನಾಥ ಇವರೆಲ್ಲ ಹಾಗೆಯೇ. ಜಾತ್ರೆ ನಡೆಯುವವರೆಗೆ, ಹರಕೆ ಹೊರುವವರು ಇರುವವರೆಗೆ ಈ ಹೆಸರುಗಳು ಫ್ಯಾಷನ್ನಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಆಗಲೇ ಮರಳಿರುವವು ಯಾವುವು? ಜಾನಕಿ, ವೈದೇಹಿ, ಮೀರಾ, ತಾರಾ, ಗೌರಿ, ರುದ್ರ, ಭಾರ್ಗವ. ಇವೆಲ್ಲ ಎರಡು ಮೂರು ಅಕ್ಷರದವು, ಬಾಲವಿಲ್ಲದವು, ದೆಹಲಿಯಲ್ಲಿ ಕರೆದರೂ ತೊದಲದೆ ಕರೆಯಬಹುದಾದವು. ಜಾನಕಮ್ಮ ಬಂದಿಲ್ಲ, ಜಾನಕಿ ಬಂದಿದ್ದಾಳೆ; ಗೌರಮ್ಮ ಬಂದಿಲ್ಲ, ಗೌರಿ ಬಂದಿದ್ದಾಳೆ. ನಮ್ಮ ಕಿವಿಗೆ ಮುದಿತನ ಕಾಣುವುದು ಹೆಸರಿಗಿಂತ ಹೆಚ್ಚಾಗಿ ಆ ‘ಅಮ್ಮ’, ‘ಅಕ್ಕ’, ‘ಅಪ್ಪ’ಗಳಲ್ಲಿ. ಸಾಲುಮರದ ತಿಮ್ಮಕ್ಕನವರನ್ನೇ ನೋಡಿ. ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು ಬೆಳೆಸಿದವರು, 2019ರಲ್ಲಿ ಪದ್ಮಶ್ರೀ ಪಡೆದವರು. ಶಾಲೆಯ ಪಾಠದಲ್ಲಿ ಓದಿ ಎಲ್ಲರೂ ಕೈಮುಗಿಯುತ್ತಾರೆ. ಆದರೂ ಮಗಳಿಗೆ ತಿಮ್ಮಕ್ಕ ಎಂದು ಹೆಸರಿಟ್ಟ ದಂಪತಿಯನ್ನು ನಾನು ಇನ್ನೂ ಕಂಡಿಲ್ಲ. ಗೌರವ ಬೇರೆ, ತೊಟ್ಟಿಲು ಬೇರೆ.

ಇನ್ನು ಜನ್ಮನಕ್ಷತ್ರದ ಅಕ್ಷರ ಹಿಡಿದು ಹೊರಟರೆ ಅಜ್ಜಿಯ ಹೆಸರು ಅರ್ಧ ದಾರಿಯಲ್ಲೇ ತಪ್ಪಿಹೋಗುತ್ತದೆ. ಅಶ್ವಿನಿಗೆ ಚು, ಚೇ, ಚೋ, ಲಾ. ಆರಿದ್ರೆಗೆ ಕು, ಘ, ಙ, ಛ. ಆರಿದ್ರೆಯ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಙಕಾರದಿಂದ ಏನು ಹೆಸರಿಡುತ್ತೀರೋ ದೇವರೇ ಬಲ್ಲ! ಹಿಂದಿನವರು ಆ ಅಕ್ಷರದ ಹೆಸರನ್ನು ಜಾತಕಕ್ಕೆ ಬಿಟ್ಟು, ಅಜ್ಜಿಯ ಹೆಸರನ್ನು ಕರೆಯಲು ಇಟ್ಟುಕೊಳ್ಳುತ್ತಿದ್ದರು. ಈಗಲೂ ಅದಕ್ಕೆ ಅಡ್ಡಿಯಿಲ್ಲ.

ಈಗ ನಿಮ್ಮ ನಂಜಮ್ಮನಿಗೆ ಬರೋಣ. ಅದು ನಂಜನಗೂಡಿನ ನಂಜುಂಡೇಶ್ವರನ ಹೆಸರು. ವಿಷ ಕುಡಿದೂ ಜೀರ್ಣಿಸಿಕೊಂಡ ದೇವರು, ಸಂಸ್ಕೃತದಲ್ಲಿ ಶ್ರೀಕಂಠ. ಮೈಸೂರು ಸೀಮೆಯಲ್ಲಿ ಆ ದೇವರಿಗೆ ನಡೆದುಕೊಳ್ಳುವ ಮನೆಗಳು ಇಂದಿಗೂ ಲೆಕ್ಕವಿಲ್ಲದಷ್ಟಿವೆ, ಹಾಗಾಗಿ ಹೆಸರು ಸತ್ತಿಲ್ಲ. ಆದರೆ ನಂಜಮ್ಮ ಎಂಬ ರೂಪ ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಫ್ಯಾಷನ್ ಆಗುತ್ತದೆಂದು ನನಗನ್ನಿಸುವುದಿಲ್ಲ. ‘ಅಮ್ಮ’ವೂ ಇದೆ, ನಂಜು ಎಂಬುದರ ಅರ್ಥ ತಿಳಿದ ಮಕ್ಕಳು ಶಾಲೆಯಲ್ಲಿ ಒಂದೆರಡು ವರ್ಷ ಕಾಡುವುದೂ ಇದೆ. ನನ್ನನ್ನು ಕೇಳಿದರೆ, ಮಗಳಿಗೆ ನಿಮ್ಮಿಬ್ಬರಿಗೂ ಒಪ್ಪುವ ಒಂದು ಹೆಸರಿನ ಜೊತೆಗೆ ನಂಜಮ್ಮನನ್ನು ಎರಡನೆಯದಾಗಿ ಸೇರಿಸಿ, ಮನೆಯಲ್ಲಿ ನಂಜಿ ಎಂದೇ ಕರೆಯಿರಿ. ದೊಡ್ಡವಳಾದ ಮೇಲೆ ಯಾವುದನ್ನು ಮುಂದಿಟ್ಟುಕೊಳ್ಳಬೇಕೆಂದು ಅವಳೇ ಆರಿಸಿಕೊಳ್ಳಲಿ. ಫ್ಯಾಷನ್ ಆಗದಿದ್ದರೂ ಇಡುತ್ತೇನೆ ಎನ್ನುವ ಗಟ್ಟಿತನ ನಿಮಗಿದ್ದರೆ ನೇರವಾಗಿಯೇ ಇಡಿ. ತರಗತಿಯಲ್ಲಿ ಮೂವರು ಆದ್ಯರ ನಡುವೆ ಒಬ್ಬಳೇ ನಂಜಮ್ಮ ಇರುವುದರಲ್ಲೂ ಸುಖವಿದೆ.

ಮನೆಯಲ್ಲಿ ಚರ್ಚೆ ಮುಗಿಯದಿದ್ದರೆ ನಾಮಕರಣದ ದಿನಕ್ಕೇ ದಾಖಲೆಯ ಹೆಸರು ನಿರ್ಧಾರವಾಗಬೇಕೆಂದೇನಿಲ್ಲ. ಹುಟ್ಟಿದ 21 ದಿನಗಳೊಳಗೆ ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ತಡಶುಲ್ಕ ಕಟ್ಟಿ 15 ವರ್ಷದವರೆಗೆ ಹೆಸರು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆಯಾದ್ದರಿಂದ, ಅದರಲ್ಲಿ ಬರೆಸುವ ಮುನ್ನ ಕಾಗುಣಿತವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಂಡು ಹೋಗಿ.