ಕಿಟಕಿಯೋ ನಡುದಾರಿಯೋ: ವಿಮಾನದ ಆಸನವೂ ಶರೀರದ ಲೆಕ್ಕಾಚಾರವೂ

ವಿಮಾನದ ಟಿಕೆಟ್ ಕಾಯ್ದಿರಿಸುವಾಗ ಹಣ ಕಟ್ಟುವುದಕ್ಕೆ ಮುಂಚೆ ಮೊಬೈಲಿನ ತೆರೆಯ ಮೇಲೆ ಆಸನಗಳ ನಕ್ಷೆಯೊಂದು ಮೂಡುತ್ತದೆ. ನಮ್ಮ ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ವಿಮಾನಗಳಲ್ಲಿ ಸಾಲಿಗೆ ಆರು ಆಸನಗಳಿರುತ್ತವೆ. ಎಡತುದಿಯ ಎ ಮತ್ತು ಬಲತುದಿಯ ಎಫ್ ಕಿಟಕಿಯ ಆಸನಗಳು. ಸಿ ಮತ್ತು ಡಿ ನಡುದಾರಿಗೆ ತಾಗಿದ, ಎಲ್ಲರೂ ಐಲ್ ಸೀಟು ಎಂದು ಕರೆಯುವ ಆಸನಗಳು. ನಡುವಿನ ಬಿ ಮತ್ತು ಇ ಆಸನಗಳನ್ನು ಬೇಕೆಂದೇ ಆರಿಸಿಕೊಳ್ಳುವವರು ಅಪರೂಪ. ಬಸ್ಸಿನ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವುದನ್ನು ನೋಡುತ್ತಲೇ ಬೆಳೆದ ನಮಗೆ ಕಿಟಕಿಯ ಮೋಹ ಸುಲಭಕ್ಕೆ ಹೋಗುವಂಥದ್ದಲ್ಲ. ಅವರವರ ರುಚಿಗೆ ಬಿಟ್ಟದ್ದೆಂದು ಈ ವಿಷಯವನ್ನು ಕೈಬಿಡಬಹುದು. ಆದರೆ ಕಳೆದ ಎರಡು ದಶಕಗಳಲ್ಲಿ ವೈದ್ಯರೂ ಸೋಂಕುರೋಗ ತಜ್ಞರೂ ಈ ಎರಡು ಬಗೆಯ ಆಸನಗಳನ್ನು ಹೋಲಿಸಿ ನೋಡಿದ್ದಾರೆ. ಕಿಟಕಿಯ ಪಕ್ಕದಲ್ಲಿ ಕುಳಿತವರು ಕಡಿಮೆ ಕದಲುತ್ತಾರೆ. ಆ ಕದಲದಿರುವಿಕೆಯೇ ಅವರನ್ನು ಒಂದು ಅಪಾಯದಿಂದ ಕಾಯುತ್ತದೆ, ಇನ್ನೊಂದರತ್ತ ತಳ್ಳುತ್ತದೆ.

ಮೊದಲು ಕಿಟಕಿಯನ್ನೇ ಹತ್ತಿರದಿಂದ ನೋಡೋಣ. 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಕಾಲುಭಾಗಕ್ಕಿಂತ ತುಸು ಕಡಿಮೆ. ಉಷ್ಣಾಂಶ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ. ಒಳಗಿನ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದ ಜಾಗಗಳಲ್ಲಿ ಇರುವಷ್ಟಕ್ಕೆ ಕಾಯ್ದುಕೊಳ್ಳಲಾಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿ ಈ ಮಿತಿಯೊಳಗೇ ಬರುತ್ತದೆ. ಒಳಗೂ ಹೊರಗೂ ಇರುವ ಈ ಒತ್ತಡದ ಅಂತರ, ಅಂಗೈ ಅಗಲದ ಎರಡೂವರೆ ಪಟ್ಟು ಅಗಲವೂ ಅದಕ್ಕಿಂತ ಹೆಚ್ಚು ಎತ್ತರವೂ ಇರುವ ಒಂದು ಕಿಟಕಿಯ ಮೇಲೆ ಸುಮಾರು ಅರ್ಧ ಟನ್ ತೂಕದಷ್ಟು ಬಲ ಹಾಕುತ್ತದೆ. ಈ ಬಲವನ್ನು ಹೊರುವುದು ಗಾಜಲ್ಲ, ಹಿಗ್ಗಿಸಿ ಗಟ್ಟಿಗೊಳಿಸಿದ ಅಕ್ರಿಲಿಕ್ ಹಲಗೆ. ಸಾಮಾನ್ಯವಾಗಿ ಇಂಥ ಮೂರು ಪದರಗಳಿರುತ್ತವೆ. ಹೊರಗಿನದು ಒತ್ತಡವನ್ನು ತಡೆದುಕೊಳ್ಳುತ್ತದೆ. ನಡುವಿನದು ಹೊರಗಿನದು ಒಡೆದರೆ ಆ ಹೊರೆಯನ್ನು ಹೊರಲು ಕಾದಿರುತ್ತದೆ. ನಾವು ಹಣೆ ಆನಿಸುವ ಒಳಗಿನ ಹಾಳೆ, ಗೀರು ಬೀಳದಂತೆ ಉಳಿದೆರಡನ್ನು ಕಾಯುತ್ತದೆ.

ನಡುವಿನ ಪದರದ ಕೆಳಭಾಗದಲ್ಲಿ ಸೂಜಿಯಿಂದ ಚುಚ್ಚಿದಂಥ ಒಂದು ಸಣ್ಣ ತೂತು ಇರುತ್ತದೆ. ಕಿಟಕಿಯ ಪಕ್ಕ ಕುಳಿತ ಅನೇಕರು ಅದನ್ನು ಕಂಡು ಗಾಬರಿಯಾಗುವುದುಂಟು. ಅದನ್ನು ಬೇಕೆಂದೇ ಕೊರೆದಿರುತ್ತಾರೆ. ಎರಡು ಪದರಗಳ ನಡುವಿನ ಗಾಳಿಯ ಒತ್ತಡ ಒಳಗಿನ ಒತ್ತಡದೊಂದಿಗೆ ಸಮವಾಗಲು ಈ ತೂತು ದಾರಿ ಕೊಡುವುದರಿಂದ, ಇಡೀ ಹೊರೆ ಹೊರಗಿನ ಪದರದ ಮೇಲೆಯೇ ಬೀಳುತ್ತದೆ ಮತ್ತು ನಡುವಿನದು ದಣಿಯದೆ ಉಳಿಯುತ್ತದೆ. ದೀರ್ಘ ಹಾರಾಟದಲ್ಲಿ ಈ ತೂತಿನ ಸುತ್ತ ಮಂಜಿನ ಹರಳುಗಳು ಹೂವಿನಂತೆ ಅರಳುತ್ತವೆ: ಒಳಗಿನ ಗಾಳಿಯಲ್ಲಿರುವ ತೇವ ಅಲ್ಲಿಂದ ನುಸುಳಿ ಕೊರೆಯುವ ತಣ್ಣನೆಯ ಹೊರಪದರಕ್ಕೆ ತಗುಲಿ ಹೆಪ್ಪುಗಟ್ಟುತ್ತದೆ.

ಕಿಟಕಿಯ ಮೂಲೆಗಳು ದುಂಡಗಿರುವುದರ ಹಿಂದೆ ದುರಂತದ ಕಥೆಯಿದೆ. ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್ ವಿಮಾನವಾದ ಬ್ರಿಟನ್ನಿನ ಕಾಮೆಟ್ 1952ರಲ್ಲಿ ಸೇವೆಗೆ ಬಂತು. 1954ರ ಜನವರಿ 10ರಂದು ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಬಳಿ, ಏಪ್ರಿಲ್ 8ರಂದು ಇನ್ನೊಂದು ನೇಪಲ್ಸ್ ಬಳಿ ಆಕಾಶದಲ್ಲಿಯೇ ಛಿದ್ರವಾಗಿ ಸಮುದ್ರಕ್ಕೆ ಬಿದ್ದವು. ಬ್ರಿಟನ್ನಿನ ಫಾರ್ನ್‌ಬರೋದಲ್ಲಿರುವ ವಿಮಾನ ಸಂಶೋಧನಾ ಕೇಂದ್ರದ ತಜ್ಞರು ಒಂದು ಕಾಮೆಟ್‌ನ ಒಡಲನ್ನು ಇಡಿಯಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆ ಮತ್ತೆ ಮತ್ತೆ ಒತ್ತಡ ಏರಿಸಿ ಇಳಿಸಿದಾಗ, ಕಿಟಕಿಯಂಥ ತೆರಪಿನ ಮೂಲೆಯಿಂದ ಹೊರಟ ಬಿರುಕು ಲೋಹದ ಹಾಳೆಯನ್ನು ಸೀಳಿತು. ಚೌಕ ಮೂಲೆಯಲ್ಲಿ ಒತ್ತಡ ಒಂದೆಡೆ ಗುಡ್ಡೆಯಾಗುತ್ತದೆ. ದುಂಡು ಮೂಲೆಯಲ್ಲಿ ಅದು ಹರಡಿಹೋಗುತ್ತದೆ. ಪ್ರಯಾಣಿಕರ ಕಿಟಕಿಗಳೇ ಒಡೆದವೆಂದು ಜನಪ್ರಿಯ ಬರಹಗಳಲ್ಲಿ ಬರೆಯುವುದು ವಾಡಿಕೆಯಾದರೂ, ಎಲ್ಬಾದ ಬಳಿ ಸಮುದ್ರದಿಂದ ಎತ್ತಿದ ಅವಶೇಷದಲ್ಲಿ ಬಿರುಕು ಹುಟ್ಟಿದ್ದು ಛಾವಣಿಯ ಮೇಲಿದ್ದ ಆಂಟೆನಾದ ತೆರಪಿನ ಬಳಿ.

ಕಿಟಕಿಯ ಸೀಟಿಗೆ ಹೆಚ್ಚುವರಿ ಹಣ ಕೊಟ್ಟು ಬಂದವರಿಗೆ ಕೆಲವೊಮ್ಮೆ ಬರೀ ಗೋಡೆ ಎದುರಾಗುವುದಕ್ಕೂ ಕಾರಣವಿದೆ. ವಿಮಾನದ ಒಡಲಿನ ಪಕ್ಕೆಲುಬುಗಳ ನಡುವಿನ ತೆರಪಿನಲ್ಲಿ ಕಿಟಕಿಗಳನ್ನು ಕೂರಿಸಲಾಗುತ್ತದೆ. ಈ ಪಕ್ಕೆಲುಬುಗಳು ಸುಮಾರು 20 ಇಂಚಿಗೊಂದರಂತೆ ಇರುತ್ತವೆ. ಆಸನಗಳ ಸಾಲುಗಳೋ 28ರಿಂದ 31 ಇಂಚಿಗೊಂದು. ಸಾಲುಗಳ ಅಂತರವನ್ನು ಗೊತ್ತುಮಾಡುವುದು ವಿಮಾನ ಕಟ್ಟಿದವರಲ್ಲ, ಅದನ್ನು ಓಡಿಸುವ ಸಂಸ್ಥೆ. ಹೀಗಾಗಿ ಎರಡೂ ತಾಳೆಯಾಗುವುದು ಅದೃಷ್ಟದ ಮಾತು. ಸಾಲದ್ದಕ್ಕೆ, 737ರಲ್ಲಿ ತಂಪುಗಾಳಿಯ ಕೊಳವೆಗಳು ಹೊಟ್ಟೆಯಿಂದ ಛಾವಣಿಗೆ ಹತ್ತುವ ಕಡೆ, ರೆಕ್ಕೆಗಿಂತ ಸ್ವಲ್ಪ ಮುಂದೆ, ಒಂದು ಕಿಟಕಿಯೇ ಇರುವುದಿಲ್ಲ.

ನೋಟಕ್ಕಾಗಿ ಕಿಟಕಿ ಆರಿಸುವವರು ಎ ಬೇಕೋ ಎಫ್ ಬೇಕೋ ಎಂದು ಯೋಚಿಸುವುದು ಕಡಿಮೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ಮತ್ತು ವಿಮಾನಗಳು ಗಾಳಿಗೆ ಎದುರಾಗಿ ಮೇಲೇರುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಸಾಮಾನ್ಯವಾಗಿ ವಿಮಾನ ಪಶ್ಚಿಮಕ್ಕೆ ಓಡಿ ಏರುತ್ತದೆ. ಆಗ ನಿಲ್ದಾಣಕ್ಕೆ ನೇರ ಉತ್ತರದಲ್ಲಿರುವ ನಂದಿಬೆಟ್ಟ ಎಫ್ ಕಡೆಯವರ ಪಾಲು. ಪೂರ್ವದ ಗಾಳಿ ಬೀಸುವ ಚಳಿಗಾಲದಲ್ಲಿ ಅದೇ ಬೆಟ್ಟ ಎ ಕಡೆಗೆ ಬರುತ್ತದೆ. ಬೆಳಗಿನ ದೆಹಲಿ ವಿಮಾನದಲ್ಲಿ ಬಲಗಡೆ ಕುಳಿತವರ ಮುಖಕ್ಕೆ ಬಿಸಿಲು ಬಡಿಯುತ್ತದೆ. ಎಡಗಡೆಯವರಿಗೆ ಬಿಸಿಲಿನ ಕಾಟವಿಲ್ಲದಿರುವುದರ ಜೊತೆಗೆ, ಕೆಳಗೆ ಮೋಡಗಳ ಹಾಸು ಇದ್ದರೆ, ಗ್ಲೋರಿ ಎಂಬ ಬಣ್ಣದ ಉಂಗುರಗಳು ಕಾಣಸಿಗುತ್ತವೆ.

ಗ್ಲೋರಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಐಲ್ ಸೀಟಿನ ಪರವಾಗಿರುವ ಯಾವ ವಾದಕ್ಕೂ ಇದಕ್ಕೆ ಉತ್ತರವಿಲ್ಲ. ಮೋಡದ ಅತಿಸೂಕ್ಷ್ಮ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವಾಗ ಬೆಳಕಿನ ಅಲೆಗಳು ಪರಸ್ಪರ ಬೆರೆತು ಈ ಉಂಗುರಗಳು ಮೂಡುತ್ತವೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ 1894ರಲ್ಲಿ ಇವನ್ನು ಕಂಡು ಬೆರಗಾದ ಸಿ.ಟಿ.ಆರ್. ವಿಲ್ಸನ್, ಪ್ರಯೋಗಾಲಯದಲ್ಲಿ ಮೋಡ ಮಾಡಲು ಹೊರಟು ಕಣಭೌತಶಾಸ್ತ್ರಕ್ಕೆ ಸೂಕ್ಷ್ಮ ಕಣಗಳು ಸಾಗಿದ ಜಾಡನ್ನು ತೋರಿಸುವ ಕ್ಲೌಡ್ ಚೇಂಬರ್ ಎಂಬ ಉಪಕರಣವನ್ನು ಕೊಟ್ಟರು. ಉಂಗುರಗಳ ನಡುಬಿಂದು ಸೂರ್ಯನಿಗೆ ನೇರ ಎದುರಿನಲ್ಲಿ, ಅಂದರೆ ನೋಡುವವರ ತಲೆಯ ನೆರಳು ಬೀಳಬೇಕಾದ ಜಾಗದಲ್ಲಿ ಇರುತ್ತದೆ. ವಿಮಾನ ಮೋಡಕ್ಕೆ ಹತ್ತಿರವಿದ್ದು ಅದರ ನೆರಳು ಸ್ಪಷ್ಟವಾಗಿದ್ದಾಗ ಗಮನಿಸಿ ನೋಡಿದರೆ, ಮುಂದಿನ ಸಾಲಿನವರಿಗೆ ಉಂಗುರ ನೆರಳಿನ ಮೂತಿಯ ಬಳಿಯೂ ಹಿಂದಿನ ಸಾಲಿನವರಿಗೆ ಬಾಲದ ಬಳಿಯೂ ಕಾಣುತ್ತದೆ. ಇನ್ನೂ ಮೇಲೇರಿದಂತೆ, ಸೂರ್ಯ ಬಿಂದುವಾಗಿರದೆ ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ ನೆರಳು ಮಸುಕಾಗಿ ಕರಗಿ, ಉಂಗುರಗಳಷ್ಟೇ ಉಳಿಯುತ್ತವೆ. ನಡುಹಗಲಿನಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಗ್ಲೋರಿ ವಿಮಾನದ ಹೊಟ್ಟೆಯ ಕೆಳಗಿರುತ್ತದೆ.

ಹೊಟ್ಟೆ ತೊಳಸುವವರಿಗೆ ರೆಕ್ಕೆಯ ಬಳಿಯ ಕಿಟಕಿ ಒಳ್ಳೆಯದು. ವಿಮಾನದ ಭಾರಕೇಂದ್ರ ಅಲ್ಲೇ ಇರುವುದರಿಂದ ಕುಲುಕಾಟ ಕಡಿಮೆ, ಮತ್ತು ದಿಗಂತ ಕಣ್ಣಿಗೆ ಬೀಳುತ್ತಿದ್ದರೆ ಒಳಕಿವಿ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ಜಗಳ ಕಡಿಮೆಯಾಗುತ್ತದೆ. ಅಪಘಾತದ ಭಯದಿಂದ ಆಸನ ಆರಿಸುವವರೂ ಇದ್ದಾರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನಡೆದ ದುರಂತದಲ್ಲಿ ವಿಮಾನದೊಳಗಿದ್ದ 242 ಜನರಲ್ಲಿ 11ಎ ಆಸನದಲ್ಲಿದ್ದವರೊಬ್ಬರೇ ಬದುಕುಳಿದದ್ದರಿಂದ ಆ ಸಂಖ್ಯೆಗೆ ಒಂದು ಬಗೆಯ ಮಹಿಮೆ ಬಂತು. ಒಂದು ಘಟನೆಯಿಂದ ನಿಯಮ ಕಟ್ಟಲಾಗದು. 11ನೇ ಸಾಲು ಒಂದೊಂದು ವಿಮಾನದಲ್ಲಿ ಒಂದೊಂದು ಕಡೆ ಇರುತ್ತದೆ. ತುರ್ತು ದ್ವಾರಕ್ಕೆ ಎಷ್ಟು ಸಾಲು ಎಂದು ಎಣಿಸಿಕೊಂಡು ಕೂರುವುದು ಇದಕ್ಕಿಂತ ಉಪಯುಕ್ತ.

ಇನ್ನು ಸೋಂಕಿನ ವಿಷಯ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಮತ್ತು ಜಾರ್ಜಿಯಾ ಟೆಕ್‌ನ ಸಂಶೋಧಕರು, ಒಂದೇ ನಡುದಾರಿಯ ವಿಮಾನಗಳಲ್ಲಿ ಹತ್ತು ಹಾರಾಟ ಮಾಡಿ, ಯಾರು ಎಷ್ಟು ಸಲ ಎದ್ದರು, ಯಾರ ಹತ್ತಿರ ಸುಳಿದರು ಎಂಬುದನ್ನು ದಾಖಲಿಸಿ 2018ರಲ್ಲಿ ಪ್ರಕಟಿಸಿದರು. ಕಿಟಕಿಯ ಪಕ್ಕದವರಲ್ಲಿ ಶೇ 43ರಷ್ಟು, ನಡುವಿನ ಆಸನದವರಲ್ಲಿ ಶೇ 62ರಷ್ಟು, ಐಲ್ ಸೀಟಿನವರಲ್ಲಿ ಶೇ 80ರಷ್ಟು ಜನ ಒಮ್ಮೆಯಾದರೂ ಎದ್ದು ಓಡಾಡಿದ್ದರು. ಇತರರೊಂದಿಗಿನ ಸಮೀಪ ಸಂಪರ್ಕದ ಸರಾಸರಿ ಕಿಟಕಿಯವರಿಗೆ 12, ನಡುವಿನವರಿಗೆ 58, ಐಲ್ ಸೀಟಿನವರಿಗೆ 64. ಶೌಚಾಲಯಕ್ಕೆ ಹೋಗುವವರು, ಟ್ರಾಲಿ ತಳ್ಳುವ ಸಿಬ್ಬಂದಿ, ಮೇಲಿನ ಲಗೇಜ್ ಪೆಟ್ಟಿಗೆ ತಡಕುವವರು, ಇವರೆಲ್ಲ ಐಲ್ ಸೀಟಿನವರ ಭುಜ ಸವರಿಕೊಂಡೇ ಹೋಗುತ್ತಾರೆ. 2008ರ ಅಕ್ಟೋಬರಿನಲ್ಲಿ ಬೋಸ್ಟನ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನದಲ್ಲಿ ಪ್ರವಾಸಿಗಳ ಗುಂಪೊಂದು ನೊರೊವೈರಸ್‌ನಿಂದ ವಾಂತಿಭೇದಿಗೆ ತುತ್ತಾದಾಗಲೂ, ಉಳಿದ ಪ್ರಯಾಣಿಕರಲ್ಲಿ ಐಲ್ ಸೀಟಿನವರಿಗೇ ಸೋಂಕು ಹೆಚ್ಚಾಗಿ ತಗುಲಿತ್ತು.

ಹಾಗೆಂದು ಕಿಟಕಿಯನ್ನು ರಕ್ಷಾಕವಚವೆಂದುಕೊಳ್ಳುವಂತಿಲ್ಲ. 2018ರ ಅಧ್ಯಯನ ಲೆಕ್ಕಕ್ಕೆ ಹಿಡಿದದ್ದು ಹತ್ತಿರದಲ್ಲಿ ಹನಿಗಳ ಮೂಲಕ ಹರಡುವ ರೋಗಗಳನ್ನು. 2003ರ ಮಾರ್ಚ್ 15ರಂದು ಹಾಂಗ್‌ಕಾಂಗ್‌ನಿಂದ ಬೀಜಿಂಗ್‌ಗೆ ಹಾರಿದ ವಿಮಾನದಲ್ಲಿ ಸಾರ್ಸ್ ತಗುಲಿದ್ದ ಒಬ್ಬನಿಂದ 22 ಜನರಿಗೆ ರೋಗ ಬಂದಿರಬೇಕೆಂದು ತೀರ್ಮಾನಿಸಲಾಯಿತು, ಮತ್ತು ಅವರಲ್ಲಿ ಹಲವರು ಅವನಿಂದ ಸಾಕಷ್ಟು ಸಾಲು ದೂರ ಕುಳಿತಿದ್ದರು. ವಿಮಾನದ ಗಾಳಿ ಮೇಲಿನಿಂದ ಕೆಳಕ್ಕೆ ಇಳಿದು, ಅತಿಸೂಕ್ಷ್ಮ ಕಣಗಳನ್ನೂ ಹಿಡಿದಿಡುವ ಹೆಪಾ ಶೋಧಕಗಳ ಮೂಲಕ ಮರಳುವುದರಿಂದ ಹಾರಾಟದ ಹೊತ್ತಿನಲ್ಲಿ ಅದು ಹೆಚ್ಚಿನ ಕಚೇರಿಗಳ ಗಾಳಿಗಿಂತ ಶುದ್ಧವೇ. ಆದರೂ ಪಕ್ಕದ ಸೀಟಿನ ಕೆಮ್ಮು ಶೋಧಕವನ್ನು ತಲುಪುವ ಮುನ್ನ ನಮ್ಮನ್ನು ತಲುಪುತ್ತದೆ.

ಕದಲದೆ ಕೂರುವುದರ ಇನ್ನೊಂದು ಮುಖ ಇರುವುದು ಕಾಲಿನಲ್ಲಿ. ಹೃದಯ ತಳ್ಳಿದ ರಕ್ತ ಪಾದದಿಂದ ಮೇಲಕ್ಕೆ ಮರಳಲು ಮೀನಖಂಡದ ಸ್ನಾಯುಗಳ ನೆರವು ಬೇಕು. ಹೆಜ್ಜೆ ಇಟ್ಟಾಗಲೆಲ್ಲ ಈ ಸ್ನಾಯುಗಳು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತವೆ, ಕವಾಟಗಳು ರಕ್ತ ಕೆಳಗಿಳಿಯದಂತೆ ತಡೆಯುತ್ತವೆ. ಮಂಡಿ ಮಡಚಿ ಗಂಟೆಗಟ್ಟಲೆ ಕುಳಿತರೆ ಈ ಪಂಪು ನಿಲ್ಲುತ್ತದೆ, ನಿಧಾನವಾದ ರಕ್ತ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಬಹುದು. ಡಿವಿಟಿ ಎಂದು ವೈದ್ಯರು ಹೇಳುವುದು ಇದನ್ನೇ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಇದು ವಿಮಾನ ಹುಟ್ಟಿಸಿದ ಕಾಯಿಲೆಯಲ್ಲ. 1940ರಲ್ಲಿ ಲಂಡನ್ ಮೇಲೆ ಜರ್ಮನ್ನರು ಬಾಂಬು ಸುರಿಯುತ್ತಿದ್ದಾಗ, ನೆಲಮಾಳಿಗೆಗಳಲ್ಲಿ ಬಟ್ಟೆಯ ಮಡಚು ಕುರ್ಚಿಗಳ ಮೇಲೆ ಕುಳಿತೇ ರಾತ್ರಿ ಕಳೆದ ಜನ ಶ್ವಾಸಕೋಶದ ಹೆಪ್ಪಿನಿಂದ ಹಠಾತ್ತನೆ ಸಾಯುತ್ತಿರುವುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಮುಂದಿನ ಅಡ್ಡಪಟ್ಟಿ ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯ ಪ್ರಕಾರ, ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಕುಳಿತೇ ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಬಸ್ಸು, ರೈಲು, ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ದುಪ್ಪಟ್ಟಾದ ಮೇಲೂ ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಿಗೆ ಬರುವಷ್ಟು ಮಾತ್ರ. ನೆದರ್ಲೆಂಡ್ಸ್‌ನ ಲೈಡನ್ ತಂಡದ 2009ರ ಅಧ್ಯಯನದಲ್ಲಿ ಕಿಟಕಿಯ ಪಕ್ಕದವರ ಅಪಾಯ ಐಲ್ ಸೀಟಿನವರದಕ್ಕಿಂತ ಸುಮಾರು ಇಮ್ಮಡಿ ಇತ್ತು, ಸ್ಥೂಲಕಾಯದವರಲ್ಲಿ ಇನ್ನೂ ಹೆಚ್ಚಿತ್ತು. ಕಿಟಕಿಯ ಅಕ್ರಿಲಿಕ್ಕಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಗುಣವೇನೂ ಇಲ್ಲ. ನಿದ್ದೆಹೋದ ಇಬ್ಬರನ್ನು ಎಬ್ಬಿಸಿ ದಾಟಿಹೋಗಲು ನಮಗಿರುವ ಸಂಕೋಚವೇ, ನನ್ನ ದೃಷ್ಟಿಯಲ್ಲಿ, ಇಲ್ಲಿ ಕೆಲಸ ಮಾಡುವುದು. ಎಷ್ಟೋ ಜನ ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಬಿಡುತ್ತಾರೆ.

ಆದ್ದರಿಂದ ನಾನು ಗೆರೆ ಎಳೆಯುವುದು ನಾಲ್ಕು ಗಂಟೆಯ ಬಳಿ. ಬೆಂಗಳೂರಿನಿಂದ ದೆಹಲಿ, ಮುಂಬಯಿ, ಮಂಗಳೂರುಗಳಿಗೆ ಹೋಗುವಾಗ ಕಿಟಕಿ, ಅದೂ ಸೂರ್ಯನ ದಿಕ್ಕು ನೋಡಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಹಾದಿಯಲ್ಲಿ ಎಲ್ಲೂ ಇಳಿಯದೆ ಬೆಂಗಳೂರಿಗೆ ತಂದ ವಿಮಾನದಂತೆ ಹದಿನೇಳು ಗಂಟೆಯ ಹಾರಾಟವಾದರೆ ಐಲ್ ಸೀಟು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ, ಇಂಗ್ಲಿಷಿನಲ್ಲಿ ಪಕ್ಕದವರನ್ನು ಏಳಿಸಲು ಹಿಂಜರಿಯುವ ಹಿರಿಯರಿಗೆ ಮಕ್ಕಳು ಪ್ರೀತಿಯಿಂದ ಕಿಟಕಿಯ ಸೀಟು ಕೊಡಿಸುವುದುಂಟು. ಅವರಿಗೆ ನಿಜವಾಗಿ ಬೇಕಾದದ್ದು ಐಲ್ ಸೀಟು.

ದೂರದ ಹಾರಾಟದಲ್ಲಿಯೂ ಕಿಟಕಿಯೇ ಬೇಕೆನ್ನುವವರು ಕುಳಿತಲ್ಲೇ ಹಿಮ್ಮಡಿ ಊರಿ ಮುಂಗಾಲು ಎತ್ತುವುದು, ಮುಂಗಾಲು ಊರಿ ಹಿಮ್ಮಡಿ ಎತ್ತುವುದು ಮಾಡುತ್ತಿದ್ದರೆ ಮೀನಖಂಡದ ಪಂಪು ಸ್ವಲ್ಪಮಟ್ಟಿಗೆ ನಡೆಯುತ್ತಿರುತ್ತದೆ. ಮಂಡಿಯ ಕೆಳಗಿನವರೆಗೆ ಬರುವ, ಅಳತೆಗೆ ಸರಿಯಾದ ಬಿಗಿ ಕಾಲುಚೀಲಗಳು ಲಕ್ಷಣ ತೋರದ ಹೆಪ್ಪುಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತವೆ ಎಂಬುದು ಹಲವು ಪ್ರಯೋಗಗಳಲ್ಲಿ ಸಾಬೀತಾಗಿದೆ. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಬಸುರಿ ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಬೇಕು. ಅಪಾಯ ವಿಮಾನ ಇಳಿದೊಡನೆ ಮುಗಿಯುವುದಿಲ್ಲ. ಮೊದಲ ಎರಡು ವಾರಗಳಲ್ಲಿ ಅದು ಹೆಚ್ಚಾಗಿದ್ದು, ಎಂಟು ವಾರಗಳ ಹೊತ್ತಿಗೆ ಮಾಮೂಲಿಗೆ ಮರಳುತ್ತದೆ. ಆ ಅವಧಿಯಲ್ಲಿ ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮತ್ತು ದೂರದ ಪ್ರಯಾಣ ಮಾಡಿ ಬಂದಿರುವುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.