ಆರಿದ್ರಾ ನಕ್ಷತ್ರಕ್ಕೆ ವಯಸ್ಸಾಗಿದೆ ಅಂತ ನಮಗೆ ಹೆಂಗೆ ಗೊತ್ತು?

ಹೋದ ಜನವರೀಲಿ ಪಾಂಡವಪುರದ ಹತ್ರ ಒಂದು ಹಳ್ಳಿ ಶಾಲೆ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಕೊಂಡು ಮಕ್ಕಳಿಗೆ ಆಕಾಶ ತೋರಿಸ್ತಿದ್ದೆ. ಮೈಸೂರಿಂದ ಇಬ್ಬರು ಎಂಎಸ್ಸಿ ಹುಡುಗ್ರು ಜೊತೇಲಿ ಬಂದಿದ್ರು, ಚಳಿ ಚೆನ್ನಾಗೇ ಇತ್ತು, ಮಕ್ಕಳೆಲ್ಲ ಗುರುಗ್ರಹದ ಚಂದ್ರರನ್ನ ನೋಡೋಕೆ ಸಾಲು ನಿಂತಿದ್ರು. ಆಗ ತಲೆಗೆ ಟವಲ್ ಸುತ್ಕೊಂಡಿದ್ದ ಒಬ್ಬರು ಯಜಮಾನ್ರು, ಎಪ್ಪತ್ತು ದಾಟಿರ್ಬೇಕು, ಹತ್ರ ಬಂದು "ಸಾ, ಆರಿದ್ರೆ ಯಾವ್ದು ಒಸಿ ತೋರ್ಸಿ, ಚಿಕ್ ಹುಡ್ಗ ಆಗಿದ್ದಾಗ್ಲಿಂದ ಆರಿದ್ರೆ ಮಳೆ ಆರಿದ್ರೆ ಮಳೆ ಅಂತ್ಲೇ ಬೇಸಾಯ ಮಾಡ್ಕಂಡ್ ಬಂದಿವ್ನಿ, ಆ ನಕ್ಷತ್ರ ಒಂದ್ ದಿನಾನೂ ಕಂಡಿಲ್ಲ" ಅಂದ್ರು.

ಅವರು ಕಾಣದೇ ಇರೋದಕ್ಕೆ ಕಾರಣ ಇದೆ. ಆರಿದ್ರಾ ಮಳೆ ಅಂದ್ರೆ ಸೂರ್ಯ ಆರಿದ್ರಾ ನಕ್ಷತ್ರದ ಭಾಗದಲ್ಲಿ ಇರೋ ದಿನಗಳು, ಜೂನ್ 22ರ ಆಸುಪಾಸಿನಿಂದ ಒಂದೆರಡು ವಾರ. ಸೂರ್ಯ ಆ ಕಡೆ ಇದ್ದಾಗ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗತ್ತೆ, ಜೊತೆಗೆ ಮೋಡ ಬೇರೆ. ಮಳೆ ಹೆಸರಲ್ಲಿ ನಾವು ನೆನೆಸ್ಕೊಳ್ಳೋ ದಿನಗಳಲ್ಲೇ ಅದು ಕಾಣಲ್ಲ, ಅದನ್ನ ನೋಡಬೇಕು ಅಂದ್ರೆ ಆರು ತಿಂಗಳು ಬಿಟ್ಟು ಚಳಿಗಾಲದ ಸಂಜೆ ಪೂರ್ವಕ್ಕೆ ನೋಡಬೇಕು. ಮಹಾವ್ಯಾಧ (ಓರಿಯನ್) ಅನ್ನೋ ನಕ್ಷತ್ರಪುಂಜದ ಮೂರು ನಕ್ಷತ್ರದ ಸೊಂಟಪಟ್ಟಿ ಸಿಕ್ಕಿದ್ರೆ ಅದರ ಎಡಗಡೆಗೆ ಕೆಂಪಗೆ ಇರೋದೇ ಆರಿದ್ರೆ, ಇಂಗ್ಲಿಷಲ್ಲಿ ಬೀಟಲ್‌ಜೂಸ್ ಅಂತಾರೆ.

ಯಜಮಾನ್ರು ಸುಮಾರು ಹೊತ್ತು ನೋಡಿದ್ರು. "ಇದ್ಯಾಕ್ ಸಾ ಇಂಗ್ ಕೆಂಪಗದೆ?" ಅಂದ್ರು. ವಯಸ್ಸಾಗಿದೆ ಯಜಮಾನ್ರೇ, ಕೊನೆಗಾಲದಲ್ಲಿದೆ ಅಂದೆ. ಅದಕ್ಕವರು "ಅದೆಂಗ್ ಕಂಡ್ರಿ ನೀವು, ಅದು ಹುಟ್ಟಿದ್ ದಿನ ಯಾರಾದ್ರೂ ಬರ್ದಿಟ್ಟಿದ್ರಾ?" ಅಂತ ಕೇಳಿದ್ರು. ಇಷ್ಟು ವರ್ಷ ಪಾಠ ಮಾಡಿದೀನಿ, ನಮ್ಮ ಕೆಲಸದ ಬುಡಕ್ಕೇ ಕೈ ಹಾಕೋ ಇಂಥ ಪ್ರಶ್ನೆ ಕ್ಲಾಸಲ್ಲಿ ಕಮ್ಮಿ ಬಂದಿದೆ, ಅವತ್ತು ಆ ಚಳೀಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಹೇಳ್ತೀನಿ.

ಒಂದು ನಕ್ಷತ್ರ ಹುಟ್ಟಿ ಸಾಯೋದನ್ನ ಯಾವ ಮನುಷ್ಯನೂ ಕೂತು ನೋಡೋಕಾಗಲ್ಲ. ನಮ್ಮ ಸೂರ್ಯನಿಗೇ ಈಗ 460 ಕೋಟಿ ವರ್ಷ, ಇನ್ನೂ ಹೆಚ್ಚುಕಮ್ಮಿ ಅಷ್ಟೇ ಆಯಸ್ಸು ಬಾಕಿ ಇದೆ. ಆದ್ರೆ ನೀವು ವಿ.ಸಿ. ನಾಲೆ ಏರಿ ಮೇಲೆ ಒಂದು ಬೆಳಿಗ್ಗೆ ಬೈಕಲ್ಲಿ ಹೋಗಿ ನೋಡಿ. ಒಂದು ಗದ್ದೇಲಿ ಆಗಷ್ಟೇ ಕಬ್ಬಿನ ತುಂಡು ನೆಟ್ಟಿರ್ತಾರೆ, ಪಕ್ಕದಲ್ಲಿ ಮೊಣಕಾಲುದ್ದ ಬಂದಿರತ್ತೆ, ಮುಂದೆ ಆಳೆತ್ತರ, ಇನ್ನೊಂದು ಕಡೆ ಸೂಲಂಗಿ ಬಿಟ್ಟಿರತ್ತೆ, ಮತ್ತೊಂದು ಕಡೆ ಕಡಿದು ಲಾರಿಗೆ ತುಂಬ್ತಿರ್ತಾರೆ, ಆ ಕಡೆ ಕಡಿದ ಬುಡದಿಂದ ಕೂಳೆ ಚಿಗುರ್ತಿರತ್ತೆ. ಕಬ್ಬು ಬೆಳೆಯೋಕೆ ವರ್ಷ ಬೇಕು, ಅದರ ಪೂರ್ತಿ ಬದುಕು ನಿಮಗೆ ಅರ್ಧ ಗಂಟೇಲಿ ಕಣ್ಮುಂದೆ ಹಾದು ಹೋಯ್ತು. ಆಕಾಶಾನೂ ಹಾಗೇನೇ, ಎಲ್ಲಾ ವಯಸ್ಸಿನ ನಕ್ಷತ್ರಗಳೂ ಒಟ್ಟಿಗೆ ಇವೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಸರಿಯಾಗಿ ಜೋಡಿಸೋದಷ್ಟೇ ನಮ್ಮ ಕೆಲಸ.

ಜೋಡಿಸೋದು ಹೇಗೆ? ಮೊದಲನೇದು ಬಣ್ಣ. ಕಮ್ಮಾರರ ಕುಲುಮೆ ನೋಡಿರೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ, ಕಬ್ಬಿಣ ಮೊದಲು ಕೆಂಪಾಗತ್ತೆ, ಇನ್ನೂ ತಿದಿ ಒತ್ತಿದ್ರೆ ಹಳದಿ, ಇನ್ನೂ ಕಾದ್ರೆ ಬೆಳ್ಳಗೆ. ನಕ್ಷತ್ರದಲ್ಲೂ ಕೆಂಪು ಅಂದ್ರೆ ಕಮ್ಮಿ ಬಿಸಿ. ಆರಿದ್ರೆಯ ಮೇಲ್ಮೈ ಸುಮಾರು 3,500 ಡಿಗ್ರಿ, ಸೂರ್ಯಂದು 5,500, ಅದೇ ವ್ಯಾಧನ ಕಾಲಿನ ಹತ್ರ ನೀಲಿ ಬಿಳುಪಾಗಿ ಹೊಳೆಯೋ ರೈಜೆಲ್‌ದು 12,000 ಹತ್ರ. ಇಷ್ಟನ್ನ ಬರಿಗಣ್ಣಲ್ಲೇ ಅಂದಾಜು ಮಾಡಬಹುದು.

ಎರಡನೇದು ಅದರ ಬೆಳಕನ್ನ ಬಿಡಿಸಿ ನೋಡೋದು, ನನ್ನ ಅರ್ಧ ಆಯಸ್ಸು ಕಳೆದಿದ್ದೇ ಇದರಲ್ಲಿ. ಪಿಎಚ್‌ಡಿ ಟೈಮಲ್ಲಿ ಕಾವಲೂರಿನ ವೇಣು ಬಾಪು ವೀಕ್ಷಣಾಲಯಕ್ಕೆ ಹೋಗ್ತಿದ್ದೆ, ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿದೆ, ಅಲ್ಲಿನ 2.34 ಮೀಟರ್ ಟೆಲಿಸ್ಕೋಪ್ 1986ರಿಂದ ಕೆಲಸ ಮಾಡ್ತಿದೆ. ಜನ ಅಂದ್ಕೊಳ್ಳೋ ಹಾಗೆ ನಾವು ಕಣ್ಣಿಟ್ಟು ನೋಡ್ತಾ ಕೂರಲ್ಲ. ಕಂಟ್ರೋಲ್ ರೂಮಲ್ಲಿ ಸ್ಕ್ರೀನ್ ಮುಂದೆ ಕೂತಿರ್ತೀವಿ, ಒಂದೊಂದು ನಕ್ಷತ್ರಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಎಕ್ಸ್‌ಪೋಷರ್, ಮಧ್ಯೆ ಮೋಡ ಬಂದ್ರೆ ಅದು ಹೋಯ್ತು ಅಂತಲೇ, ನಾಲ್ಕು ರಾತ್ರಿ ಸಿಕ್ಕಿದ್ರೆ ಅದರಲ್ಲಿ ಮೂರು ರಾತ್ರಿ ಬರೀ ಮೋಡ ನೋಡ್ಕೊಂಡು ವಾಪಸ್ ಬಂದಿದ್ದೂ ಉಂಟು. ಸಿಕ್ಕಿದ ಬೆಳಕನ್ನ ಕಾಮನಬಿಲ್ಲಿನ ಥರ ಉದ್ದಕ್ಕೆ ಹರಡಿದ್ರೆ ಮಧ್ಯೆ ಮಧ್ಯೆ ಕಪ್ಪು ಗೆರೆಗಳು ಬರ್ತವೆ. ಒಂದೊಂದು ಮೂಲವಸ್ತು ತನ್ನದೇ ಜಾಗದಲ್ಲಿ ಗೆರೆ ಹಾಕತ್ತೆ, ಸೋಡಿಯಂದು ಒಂದು ಕಡೆ, ಹೈಡ್ರೋಜನ್‌ದು ಇನ್ನೊಂದು ಕಡೆ, ಹಾಗಾಗಿ ನೂರಾರು ಬೆಳಕಿನ ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗೋ ದೂರ ಅಂದ್ರೆ ಒಂದು ಬೆಳಕಿನ ವರ್ಷ) ದೂರದಲ್ಲಿರೋ ನಕ್ಷತ್ರದಲ್ಲಿ ಏನೇನಿದೆ ಅಂತ ಇಲ್ಲೇ ಕೂತು ಓದಬಹುದು.

ಆದ್ರೆ ಈ ಓದು ಬಹಳ ದಿನ ತಪ್ಪಾಗಿತ್ತು. ಸೂರ್ಯನಲ್ಲಿ ಕಬ್ಬಿಣದ ಗೆರೆ ಜಾಸ್ತಿ ಕಾಣ್ತವೆ ಅಂತ ಸೂರ್ಯನೂ ಭೂಮಿ ಥರದ ವಸ್ತುಗಳಿಂದಲೇ ಆಗಿರೋದು ಅಂತ ನಂಬಿದ್ರು. ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಒಂದು ಸಮೀಕರಣ ಕೊಟ್ರು, ಗೆರೆ ದಪ್ಪ ಇದೆ ಅಂದ ಮಾತ್ರಕ್ಕೆ ಆ ವಸ್ತು ಜಾಸ್ತಿ ಇದೆ ಅಂತಲ್ಲ, ಗೆರೆ ಎಷ್ಟು ಗಟ್ಟಿಯಾಗಿ ಕಾಣತ್ತೆ ಅನ್ನೋದು ಅಲ್ಲಿನ ಬಿಸಿ ಮತ್ತು ಒತ್ತಡದ ಮೇಲೂ ನಿಂತಿದೆ ಅಂತ. ಅದನ್ನ ಹಿಡ್ಕೊಂಡು ಸಿಸಿಲಿಯಾ ಪೇನ್ ಅನ್ನೋ 25 ವರ್ಷದ ಹುಡುಗಿ 1925ರಲ್ಲಿ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಲೆಕ್ಕ ಹಾಕಿದ್ರೆ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಜಾಸ್ತಿ ಅಂತ ಬಂತು, ಅದರ ಹಿಂದೆ ಹೀಲಿಯಂ. ಆ ಕಾಲದ ದೊಡ್ಡ ಹೆಸರು ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಅಂದ್ರು, ಆಕೆ ತನ್ನ ಪ್ರಬಂಧದಲ್ಲಿ ಈ ಉತ್ತರ ನಿಜ ಇರಲಾರದು ಅಂತ ತಾನೇ ಬರೆಯೋ ಹಾಗಾಯ್ತು. ನಾಲ್ಕು ವರ್ಷ ಆದ್ಮೇಲೆ ರಸೆಲ್ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದ್ರು, ಪೇನ್ ಕೆಲಸವನ್ನ ಒಪ್ಕೊಂಡ್ರು. ಪ್ರತಿ ವರ್ಷ ಹೊಸ ಬ್ಯಾಚಿಗೆ ಈ ಕಥೆ ಹೇಳುವಾಗ, ಆ ಒಂದು ಸಾಲು ಬರೆಯೋವಾಗ ಆಕೆಗೆ ಹೇಗನ್ನಿಸಿರ್ಬೇಕು ಅಂತ ನನಗೆ ಸಂಕಟ ಆಗತ್ತೆ. ನಮ್ಮ ಹುಡುಗೀರು ರಿಸಲ್ಟ್ ತಂದು ತೋರಿಸಿದಾಗ ಮೊದಲು ಡೇಟಾ ನೋಡ್ತೀನಿ, ಆಮೇಲೆ ಮಾತಾಡ್ತೀನಿ, ಇದನ್ನ ನಾನು ಕಲಿತಿದ್ದು ಪೇನ್ ಕಥೆಯಿಂದ.

ಹೈಡ್ರೋಜನ್ ಇದೆ ಅಂತ ಗೊತ್ತಾದ್ಮೇಲೆ ಮಿಕ್ಕಿದ್ದು ಬೇಗ ಬಿಡಿಸ್ಕೊಳ್ತು. ಸೂರ್ಯನ ನಡುಮಧ್ಯೆ ಸುಮಾರು ಒಂದೂವರೆ ಕೋಟಿ ಡಿಗ್ರಿ ಬಿಸಿ, ಅಲ್ಲಿ ಹೈಡ್ರೋಜನ್ ಸೇರಿ ಹೀಲಿಯಂ ಆಗತ್ತೆ, ಸೆಕೆಂಡಿಗೆ 60 ಕೋಟಿ ಟನ್, ಅದರಲ್ಲಿ 40 ಲಕ್ಷ ಟನ್ನಿಗಿಂತ ಸ್ವಲ್ಪ ಜಾಸ್ತಿ ಪೂರ್ತಿ ಶಕ್ತಿಯಾಗಿ ಹೊರಗೆ ಬರತ್ತೆ. ನಕ್ಷತ್ರದ ಭಾರವೇ ಅದನ್ನ ಒಳಗೆ ಒತ್ತತ್ತೆ, ಬಿಸಿ ಹೊರಗೆ ತಳ್ಳತ್ತೆ, ಎರಡೂ ಸಮ ಇರೋವರೆಗೆ ನಕ್ಷತ್ರ ಸುಖವಾಗಿರತ್ತೆ.

ಇಲ್ಲಿ ಎಲ್ಲರೂ ಎಡವೋ ಒಂದು ಜಾಗ ಇದೆ. ದೊಡ್ಡ ನಕ್ಷತ್ರಕ್ಕೆ ಸೌದೆ ಜಾಸ್ತಿ ಅಲ್ವಾ, ಅದು ಜಾಸ್ತಿ ದಿನ ಉರಿಬೇಕಲ್ವಾ? ಇಲ್ಲ, ತದ್ವಿರುದ್ಧ. ತೂಕ ಜಾಸ್ತಿ ಆದಷ್ಟೂ ನಡುಮಧ್ಯದ ಬಿಸಿ ಏರತ್ತೆ, ಬಿಸಿ ಒಂಚೂರು ಏರಿದ್ರೆ ಉರಿಯೋ ವೇಗ ವಿಪರೀತ ಏರತ್ತೆ. ಆರಿದ್ರೆ ಹುಟ್ಟಿದಾಗ ಸೂರ್ಯನ ಹದಿನೈದು ಇಪ್ಪತ್ತು ಪಟ್ಟು ತೂಕ ಇತ್ತು, ಈಗ ಉರಿತಿರೋದು ಹತ್ತಿರ ಹತ್ತಿರ ಒಂದು ಲಕ್ಷ ಸೂರ್ಯರಷ್ಟು. ಹಂಗಾಗಿ ಅದರ ವಯಸ್ಸು ಸುಮಾರು ಒಂದು ಕೋಟಿ ವರ್ಷ ಮಾತ್ರ, ಆಗಲೇ ಮುಪ್ಪು. ಸೂರ್ಯನ ಮುಂದೆ ಅದು ನಿನ್ನೆ ಮೊನ್ನೆ ಹುಟ್ಟಿದ್ದು.

ಇದಕ್ಕೆ ಪುರಾವೆ ಬರಿಗಣ್ಣಿಗೇ ಕಾಣತ್ತೆ, ಅದೂ ಮಳೆ ನಕ್ಷತ್ರಗಳಲ್ಲೇ. ಕೃತ್ತಿಕೆ ಅಂದ್ರೆ ಒಂದು ಗುಂಪು, ಒಂದೇ ಮೋಡದಿಂದ ಒಂದೇ ಸಲ ಹುಟ್ಟಿದ ನಕ್ಷತ್ರಗಳು, ಒಂದೇ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳ ಥರ. ಅದರ ಪಕ್ಕದಲ್ಲಿ ರೋಹಿಣಿ ಇರೋ ಕಡೆ ಇಂಗ್ಲಿಷಿನ ವಿ ಅಕ್ಷರದ ಥರ ಇನ್ನೊಂದು ಗುಂಪಿದೆ, ಹಯಾಡೀಸ್ ಅಂತಾರೆ, ರೋಹಿಣಿ ಮಾತ್ರ ಆ ಗುಂಪಿಗೆ ಸೇರಿದ್ದಲ್ಲ, ನಮಗೆ ಹತ್ತಿರದಲ್ಲಿ ಆ ದಿಕ್ಕಿಗೆ ನಿಂತಿದೆ ಅಷ್ಟೇ. ಕೃತ್ತಿಕೆಯಲ್ಲಿ ಹೊಳೆಯೋವೆಲ್ಲ ನೀಲಿ, ಅಂದ್ರೆ ತೂಕಾನೂ ಜಾಸ್ತಿ ಬಿಸೀನೂ ಜಾಸ್ತಿ. ಹಯಾಡೀಸಲ್ಲಿ ಅಂಥ ನೀಲಿ ನಕ್ಷತ್ರ ಖಾಲಿ, ಅವು ಆಗಲೇ ಉರಿದು ಮುಗಿದಿವೆ, ಬದಲಿಗೆ ಮುಪ್ಪಲ್ಲಿ ಉಬ್ಬಿ ಮೇಲ್ಮೈ ತಣ್ಣಗಾದ ನಾಲ್ಕು ಕಿತ್ತಳೆ ಬಣ್ಣದ ದೈತ್ಯ ನಕ್ಷತ್ರಗಳಿವೆ. ಯಾವ ಬಣ್ಣದ ತನಕ ಖಾಲಿಯಾಗಿದೆ ಅಂತ ನೋಡಿದ್ರೆ ಗುಂಪಿನ ವಯಸ್ಸು ಸಿಗತ್ತೆ, ಕೃತ್ತಿಕೆಗೆ 10 ಕೋಟಿ ವರ್ಷದ ಆಸುಪಾಸು, ಹಯಾಡೀಸಿಗೆ 65 ಕೋಟಿ ಆಸುಪಾಸು. ಯಜಮಾನ್ರ ಪ್ರಶ್ನೆಗೆ ನನ್ನ ಉತ್ತರ ಇದೇ, ಹುಟ್ಟಿದ ದಿನ ಯಾರೂ ಬರ್ದಿಟ್ಟಿಲ್ಲ, ಜೊತೇಲಿ ಹುಟ್ಟಿದವರಲ್ಲಿ ಯಾರು ಹೋದ್ರು ಯಾರು ಉಳಿದ್ರು ಅಂತ ಎಣಿಸಿದ್ವಿ. ದೂರ ಸರಿಯಾಗಿ ಗೊತ್ತಿಲ್ದೇ ಇದು ಆಗಲ್ಲ, ಅದಕ್ಕೆ ಯುರೋಪಿನ ಗಾಯಾ ಉಪಗ್ರಹ 2013ರಲ್ಲಿ ಹಾರಿ ಸುಮಾರು 200 ಕೋಟಿ ನಕ್ಷತ್ರಗಳನ್ನ ಅಳೆದು ನಮ್ಮ ಕೆಲಸ ಎಷ್ಟೋ ಹಗುರ ಮಾಡ್ತು.

ಹುಟ್ಟೋ ಜಾಗಾನೂ ಅಲ್ಲೇ ಇದೆ. ವ್ಯಾಧನ ಸೊಂಟಪಟ್ಟಿ ಕೆಳಗೆ ಕತ್ತಿ ಇರೋ ಕಡೆ ಮಸುಕು ಮಸುಕಾಗಿ ಕಾಣೋ ಮೋಡ, ಸುಮಾರು 1,300 ಬೆಳಕಿನ ವರ್ಷ ದೂರ. ಮೈಸೂರು ಊರೊಳಗಿಂದ ಕಷ್ಟ, ಮೇಲುಕೋಟೆ ಕಡೆ ಹೋದ್ರೆ ಚೆನ್ನಾಗಿ ಕಾಣತ್ತೆ. ಅದರ ಧೂಳಿನೊಳಗೆ ಕೂಸು ನಕ್ಷತ್ರಗಳಿವೆ, ಮಾಮೂಲಿ ಬೆಳಕು ಧೂಳು ದಾಟಿ ಬರಲ್ಲ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬರತ್ತೆ, ಜೇಮ್ಸ್ ವೆಬ್ ಟೆಲಿಸ್ಕೋಪ್ ಅದನ್ನೇ ಹಿಡಿಯೋದು.

ಸಾವು ಎರಡು ಥರ. ಸೂರ್ಯನಂಥದ್ದು ಉಬ್ಬಿ ಕೆಂಪಾಗಿ ಮೇಲಿನ ಪದರ ಎಲ್ಲ ಕಳಚ್ಕೊಂಡು ಒಳಗಿನ ಗಟ್ಟಿ ಬೀಜ ಮಾತ್ರ ಉಳಿಸ್ಕೊಳ್ಳತ್ತೆ, ಅದೇ ಬಿಳಿ ಕುಬ್ಜ. ಲುಬ್ಧಕ ಅಂದ್ರೆ ಸಿರಿಯಸ್ ನಕ್ಷತ್ರದ ಪಕ್ಕ ಅಂಥದ್ದೊಂದಿದೆ, ಭೂಮಿಯಷ್ಟೇ ಗಾತ್ರ, ತೂಕ ಮಾತ್ರ ಸೂರ್ಯನಷ್ಟು. ಈ ಬಿಳಿ ಕುಬ್ಜ ಎಷ್ಟು ತೂಕ ತಡ್ಕೋಬಹುದು ಅಂತ 1930ರಲ್ಲಿ ಮದ್ರಾಸಿನ ಹುಡುಗ ಚಂದ್ರಶೇಖರ್ ಇಂಗ್ಲೆಂಡಿಗೆ ಹೋಗ್ತಾ ಹಡಗಲ್ಲಿ ಕೂತು ಲೆಕ್ಕ ಹಾಕೋಕೆ ಶುರು ಮಾಡಿದ್ರು, ಈಗ ನಾವು ಪಾಠ ಮಾಡೋ ಮಿತಿ ಸೂರ್ಯನ 1.4 ಪಟ್ಟು. ಅದಕ್ಕಿಂತ ಮೇಲೆ ಹೋದ್ರೆ ನಿಲ್ಲಲ್ಲ.

ಆರಿದ್ರೆಯಂಥದ್ದರ ದಾರಿ ಬೇರೆ. 25 ಸೂರ್ಯರಷ್ಟು ತೂಕದ ನಕ್ಷತ್ರದ ಲೆಕ್ಕ ಹೇಳ್ತೀನಿ, ಹೈಡ್ರೋಜನ್ 70 ಲಕ್ಷ ವರ್ಷ ಉರಿಯತ್ತೆ, ಹೀಲಿಯಂ 7 ಲಕ್ಷ ವರ್ಷ, ಕಾರ್ಬನ್ 600 ವರ್ಷ, ಆಕ್ಸಿಜನ್ ಆರು ತಿಂಗಳು, ಸಿಲಿಕಾನ್ ಒಂದೇ ದಿನ. ಕೊನೇಲಿ ಕಬ್ಬಿಣ. ಕಬ್ಬಿಣ ಸೇರಿಸಿದ್ರೆ ಶಕ್ತಿ ಬರಲ್ಲ, ಖರ್ಚಾಗತ್ತೆ, ಆಗ ಒಳಗಿನ ತಿರುಳು ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತಲ್ಲಿ ಕುಸಿದು ಹೊರಗಿನದ್ದೆಲ್ಲ ಸಿಡಿಯತ್ತೆ. ಇದು ಬರೀ ಲೆಕ್ಕ ಅಲ್ಲ, 1987ರ ಫೆಬ್ರವರೀಲಿ ಪಕ್ಕದ ಪುಟ್ಟ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ, ಬೆಳಕು ಕಾಣೋಕೆ ಮೂರು ಗಂಟೆ ಮುಂಚೆನೇ ಜಪಾನಿನ ಗಣಿಯೊಳಗಿನ ಉಪಕರಣದಲ್ಲಿ ಅದರ ತಿರುಳಿಂದ ಹೊರಟ ನ್ಯೂಟ್ರಿನೋ ಕಣಗಳು ಸಿಕ್ಕಿದ್ವು. ಸಿಡಿದು ಚೆಲ್ಲಿದ ವಸ್ತು ಮತ್ತೆ ಮೋಡಕ್ಕೆ ಸೇರಿ ಅದರಿಂದ ಹೊಸ ನಕ್ಷತ್ರ ಹುಟ್ಟತ್ತೆ, ಕೂಳೆ ಕಬ್ಬಿನ ಹಾಗೆ. ನಮ್ಮ ಸೂರ್ಯ ಹೊಸದಾಗಿ ನೆಟ್ಟ ತನಿ ಬೆಳೆ ಅಲ್ಲ, ಕೂಳೆ. ಯಜಮಾನ್ರ ಕುಡುಗೋಲಿನ ಕಬ್ಬಿಣ, ಅವರ ರಕ್ತದ ಕಬ್ಬಿಣ, ಎರಡೂ ಹಂಗೆ ಹಳೇ ನಕ್ಷತ್ರಗಳಿಂದ ಬಂದಿದ್ದು.

2019ರ ಕೊನೇಲಿ ಆರಿದ್ರೆ ಮಂಕಾಗ್ತಾ ಬಂತು, 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಬೆಳಕಿನ ಅರ್ಧಕ್ಕಿಂತ ಕಮ್ಮಿ. ಇನ್ನೇನು ಸಿಡಿಯತ್ತೆ ಅಂತ ಎಲ್ಲಾ ಕಡೆ ಸುದ್ದಿ, ನನ್ನ ಫೋನಿಗೂ ದಿನಾ ಮೆಸೇಜು. ನಾನು ಮನೆ ತಾರಸಿ ಮೇಲೆ ಹೋಗಿ ದಿನಾ ರೋಹಿಣಿ ಜೊತೆ ಹೋಲಿಸಿ ಬರ್ಕೊಳ್ತಿದ್ದೆ, ರೋಹಿಣಿಗಿಂತ ಚೆನ್ನಾಗಿರ್ತಿದ್ದದ್ದು ಅದಕ್ಕಿಂತ ಕೆಳಗಿಳಿದು ವ್ಯಾಧನ ಇನ್ನೊಂದು ಭುಜದ ನಕ್ಷತ್ರದ ಮಟ್ಟಕ್ಕೆ ಬಂದಿತ್ತು. ಒಳಗೊಳಗೆ ನನಗೂ ಆಸೆ ಇತ್ತು, ಸುಳ್ಳು ಹೇಳಲ್ಲ. ಏಪ್ರಿಲ್ ಹೊತ್ತಿಗೆ, ಲಾಕ್‌ಡೌನಲ್ಲಿ, ವಾಪಸ್ ಸರಿಹೋಯ್ತು. ಆಮೇಲೆ ಗೊತ್ತಾಗಿದ್ದು, ಆರಿದ್ರೆ ಒಂದು ದೊಡ್ಡ ಅನಿಲದ ಉಂಡೆ ಉಗುಳಿತ್ತು, ಅದು ತಣ್ಣಗಾಗಿ ಧೂಳಾಗಿ ನಮ್ಮ ಕಣ್ಣಿಗೆ ಅಡ್ಡ ಬಂದಿತ್ತು. ಸಿಡಿಯೋದು ಖಂಡಿತ, ಆದ್ರೆ ಇನ್ನೂ ಸಾವಿರಾರು ವರ್ಷ ಆಗಬಹುದು, ಲಕ್ಷ ವರ್ಷಾನೂ ಆಗಬಹುದು. ಸಿಡಿದಾಗ ಅರ್ಧ ಚಂದ್ರನಷ್ಟು ಬೆಳಗಿ ಹಗಲಲ್ಲೂ ಕಾಣತ್ತೆ.

"ಆದ್ರೆ ಆರಿದ್ರೆ, ಹೋದ್ರೆ ದರಿದ್ರೆ ಅಂತಾರಲ್ಲ ಸಾ, ಅದು ಸಿಡ್ದು ಹೋದ್ರೆ ಮಳೆ ಗತಿ?" ಅಂತ ಯಜಮಾನ್ರು ಕೇಳಿದ್ರು. ಮಳೆ ತರೋದು ಪಡುವಣ ಸಮುದ್ರದ ಗಾಳಿ, ನಕ್ಷತ್ರ ಬರೀ ಸೂರ್ಯ ಎಲ್ಲಿದ್ದಾನೆ ಅಂತ ಹೇಳೋ ಮೈಲಿಗಲ್ಲು, ಕಲ್ಲು ಬಿದ್ದೋದ್ರೂ ದಾರಿ ಅಲ್ಲೇ ಇರತ್ತೆ ಅಂದೆ. ನಮಗೆ ಅವತ್ತು ಕಂಡ ಬೆಳಕು ವಿಜಯನಗರದ ಕಾಲದಲ್ಲಿ ಅಲ್ಲಿಂದ ಹೊರಟಿದ್ದು ಅಂತ ಹೇಳಿದಾಗ ಅವರೇನೂ ಮಾತಾಡ್ಲಿಲ್ಲ, ಮತ್ತೆ ತಲೆ ಎತ್ತಿ ನೋಡಿದ್ರು.

ಅವರ ಮೊಮ್ಮಗಳು ಏಳನೇ ಕ್ಲಾಸು. ಅವಳಿಗೊಂದು ನೋಟ್‌ಬುಕ್ ಕೊಟ್ಟು ಬಂದಿದ್ದೆ, ಮೋಡ ಇಲ್ಲದ ರಾತ್ರಿ ತಾರೀಖು, ಟೈಮು, ಆರಿದ್ರೆ ರೋಹಿಣಿಗಿಂತ ಹೆಚ್ಚಾ ಕಮ್ಮಿನಾ ಸಮಾನಾ, ಇಷ್ಟೇ ಬರಿ ಅಂತ. ನೀವೂ ಡಿಸೆಂಬರಿಂದ ಶುರು ಮಾಡಬಹುದು, ಟೆಲಿಸ್ಕೋಪ್ ಬೇಡ, ಎರಡೂ ಆಕಾಶದಲ್ಲಿ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಬಂದಾಗ ಹೋಲಿಸಿ. ಜುಲೈಯಲ್ಲಿ ಆ ಕಡೆ ಹೋದಾಗ ಪುಸ್ತಕ ತಂದು ತೋರಿಸಿದ್ಲು, 31 ರಾತ್ರಿಗಳ ಲೆಕ್ಕ ಇತ್ತು. ಕೊನೇದು ಮೇ 20ರದ್ದು, "ಆರಿದ್ರೆ ಕಾಣಲಿಲ್ಲ. ಮಳೆ ತರಕ್ಕೆ ಹೋಗದೆ ಅಂದ್ರು ತಾತ."