ಗರಗಸದ ಟಕ್ ಟಕ್, ದೃಷ್ಟಿಯದಲ್ಲ

ಖಂಡೇನವಮಿಯ ಮರುದಿನ ಪುಣೆಯ ಕೈಗಾರಿಕಾ ಪ್ರದೇಶ ಭೋಸರಿಯ ಶೆಡ್ಡುಗಳಲ್ಲಿ ಯಂತ್ರಗಳ ಮೇಲಿನ ಚೆಂಡುಹೂವು ಇನ್ನೂ ಬಾಡಿರುವುದಿಲ್ಲ. ಪುಣೆಯ ಕನ್ನಡದ ಮನೆಗಳಲ್ಲೂ ಬಾಲ್ಕನಿಯ ಲೋಹ ಕತ್ತರಿಸುವ ಪುಟ್ಟ ಮಿಲ್ಲಿಂಗ್ ಯಂತ್ರಕ್ಕೆ ಅರಿಶಿನ ಕುಂಕುಮ ಬಿದ್ದಿರುತ್ತದೆ. ಬೀಳಲಿ. ಆದರೆ ಹಾರ್ಡ್‌ವೇರ್ ಪೇಟೆ ಬೋಹ್ರಿ ಆಳಿಯಿಂದ ತಂದ ಹೊಸ ಸ್ಲಿಟಿಂಗ್ ಸಾ, ಅಂದರೆ ಲೋಹ ಸೀಳುವ ತೆಳು ದುಂಡು ಗರಗಸದ ಬ್ಲೇಡು, ಟಕ್ ಟಕ್ ಎನ್ನುತ್ತಾ ಮೊದಲ ಸೀಳಿಗೇ ಚೂರಾದಾಗ ಯಾರದೋ ಕಣ್ಣು ಬಿತ್ತೆಂದು ನಿಂಬೆಹಣ್ಣು ಕಟ್ಟುತ್ತಾರಲ್ಲ, ತಕರಾರು ಅದಕ್ಕೆ. ಕಣ್ಣಿಡಬೇಕಾದ್ದು ಕೂದಲೆಳೆಯ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮೇಲೆ.

ಅದಕ್ಕೂ ಮೊದಲು ಹೆಸರಿನ ಮೋಸ. ಬ್ಲೇಡಿನ ಮೇಲೆ 'ಎಚ್‌ಎಸ್‌ಎಸ್', ಅಂದರೆ ಹೈಸ್ಪೀಡ್ ಸ್ಟೀಲ್ ಎಂದಿದೆ ಅಂತ ಅದನ್ನು ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರಿಗೆ ಸಿಕ್ಕಿಸುವ ಪುಣ್ಯಾತ್ಮರಿದ್ದಾರೆ. ಟೇಲರ್ ಮತ್ತು ವೈಟ್ ಈ ಬಗೆಯ ಉಕ್ಕಿನ ಉಳಿಯನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದಾಗ, ತುದಿ ಕೆಂಪಗೆ ಕಾದರೂ ಅದು ಕತ್ತರಿಸುತ್ತಲೇ ಇತ್ತು. 'ಹೈಸ್ಪೀಡ್' ಎಂದದ್ದು ಹಳೆಯ ಕಾರ್ಬನ್ ಉಕ್ಕಿಗೆ ಹೋಲಿಸಿ, ಅಷ್ಟೆ. 80 ಮಿ.ಮೀ. ವ್ಯಾಸದ ಬ್ಲೇಡು ಮೈಲ್ಡ್ ಸ್ಟೀಲ್ ಸೀಳಲು ಅಂಚಿನ ವೇಗ ನಿಮಿಷಕ್ಕೆ 20 ಮೀಟರ್ ಸಾಕು, ಅಂದರೆ ಸುಮಾರು 80 ಸುತ್ತು. ಗ್ರೈಂಡರು ತಿರುಗುವುದು ಸುಮಾರು 11,000 ಸುತ್ತು!

ಈಗ ಆ ಟಕ್ ಟಕ್. ಸುತ್ತಿಗೊಮ್ಮೆ ಸದ್ದು ಬಂದರೆ ಬ್ಲೇಡು ತನ್ನ ನಟ್ಟನಡುವಿನ ಸುತ್ತ ತಿರುಗದೆ ತುಸು ಪಕ್ಕಕ್ಕೆ ಸರಿದು ತಿರುಗುತ್ತಿದೆ ಎಂದರ್ಥ. ಮೋಟಾರ್ ಆಫ್ ಮಾಡಿ, ಹಲ್ಲಿನ ತುದಿಗೆ ಚಪ್ಪಟೆ ಮೂತಿಯ ಗೇಜ್ ತಾಗಿಸಿ, ಕೈಯಿಂದ ಹಿಮ್ಮುಖವಾಗಿ ತಿರುಗಿಸಿ. ಮುಂದಕ್ಕೆ ತಿರುಗಿಸಿದರೆ ಹಲ್ಲು ಗೇಜನ್ನೇ ಕಚ್ಚುತ್ತದೆ. ಮುಳ್ಳು 0.2 ಮಿ.ಮೀ. ಓಡಾಡಿತೆನ್ನಿ. 40 ಹಲ್ಲಿನ ಬ್ಲೇಡಿನಲ್ಲಿ ಅಕ್ಕಪಕ್ಕದ ಹಲ್ಲುಗಳ ನಡುವೆ ಗರಿಷ್ಠ 0.016 ಮಿ.ಮೀ. ಏರಿಳಿತ. ಫೀಡನ್ನು, ಅಂದರೆ ಲೋಹದ ತುಂಡು ಬ್ಲೇಡಿನತ್ತ ಸಾಗುವ ಪ್ರಮಾಣವನ್ನು, ಹಲ್ಲಿಗೆ 0.01 ಮಿ.ಮೀ.ಯಂತೆ ಅಂಜುತ್ತಾ ಕೊಟ್ಟರೆ ಕೆಲವು ಹಲ್ಲುಗಳಿಗೆ ಲೋಹವೇ ಸಿಗದು. ಪಲ್ಲಕ್ಕಿ ಹೊತ್ತವರಲ್ಲಿ ಎತ್ತರದವನ ಹೆಗಲಿಗೇ ಭಾರ ಬಿದ್ದಂತೆ, ಉಳಿದ ಹಲ್ಲುಗಳೇ ಎಲ್ಲವನ್ನೂ ಹೊರಬೇಕು. ಪಂಕ್ತಿಯ ಒಂದು ತುದಿಗಷ್ಟೇ ಬಡಿಸಿ ಹೋದ ಹಾಗೆ ಅನ್ನಿ. ಫೀಡನ್ನು 0.02ಕ್ಕೆ, ಅಂದರೆ ನಿಮಿಷಕ್ಕೆ 64 ಮಿ.ಮೀ.ಗೆ ಏರಿಸಿದರೆ ಎಲ್ಲ ಹಲ್ಲಿಗೂ ಕೆಲಸ ಸಿಕ್ಕಿ ಸದ್ದು ತಗ್ಗುತ್ತದೆ. ಕಾಯಿ ತುರಿಯುವಾಗಲೂ ಒತ್ತದಿದ್ದರೆ ಅದು ತುರಿಮಣೆಯ ಮೇಲೆ ಬರೀ ಜಾರುತ್ತದಲ್ಲ!

ಮೂಲ ರೋಗ ಬಹುತೇಕ ಆರ್ಬರಿನದು, ಅಂದರೆ ಬ್ಲೇಡು ಕೂರುವ ದಂಡದ್ದು. ಅಂಗಡಿಯದು ಸಡಿಲವಿದ್ದರೆ ಲೇತಿನಲ್ಲಿ ಬ್ಲೇಡಿನ ನಡುವಿನ 22 ಮಿ.ಮೀ. ತೂತಿಗೆ ಒಪ್ಪುವಂತೆ ನೀವೇ ಕಡೆದುಕೊಳ್ಳಿ. ಬೆರಳಿನಿಂದ ತಳ್ಳಿದರೆ ಬ್ಲೇಡು ಕೂರಬೇಕು, ಅಲುಗಾಡಬಾರದು. ಬ್ಲೇಡನ್ನು ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ (ಫ್ಲ್ಯಾಂಜ್), ಸೀಳಿನ ಆಳಕ್ಕೆ ತಕ್ಕಷ್ಟು ಮಾತ್ರ ಬ್ಲೇಡು ಹೊರಗಿಟ್ಟು ಆದಷ್ಟು ದೊಡ್ಡದಿರಲಿ. ತೆಳು ಬ್ಲೇಡಿಗೆ ಕೀ, ಅಂದರೆ ಆರ್ಬರಿಗೆ ಬಂಧಿಸುವ ಬೆಣೆ, ಹಾಕಬೇಡಿ: ಸಿಕ್ಕಿಕೊಂಡರೆ ಅದು ಜಾರಲಿ, ಸಿಡಿಯದಿರಲಿ.

ಹಲ್ಲು ಹೆಚ್ಚಿದ್ದಷ್ಟೂ ನಯ ಎಂಬುದೂ ಭ್ರಮೆ. 6 ಮಿ.ಮೀ. ಆಳದ ಸೀಳಿನಲ್ಲಿ 40 ಹಲ್ಲಿನ ಬ್ಲೇಡಿನ ಮೂರೂವರೆ ಹಲ್ಲು ಒಳಗಿರುತ್ತದೆ, 128ರದ್ದರಲ್ಲಿ ಹನ್ನೊಂದು. ಅಷ್ಟು ಒತ್ತಾದ ಹಲ್ಲುಗಳ ಸಣ್ಣ ಸಂದಿನಲ್ಲಿ ಲೋಹದ ಚೂರು ತುಂಬಿಕೊಂಡು ಬ್ಲೇಡು ಮುರಿಯುತ್ತದೆ. ಸಣ್ಣ ಯಂತ್ರಗಳ, ಟೇಬಲನ್ನು ಸರಿಸುವ ಲೀಡ್‌ಸ್ಕ್ರೂನಲ್ಲಿ ಸಡಿಲ ಇದ್ದೇ ಇರುತ್ತದೆ, ಹಾಗಾಗಿ ಹಲ್ಲು ಬರುವ ದಿಕ್ಕಿಗೆ ಎದುರಾಗಿಯೇ ಟೇಬಲ್ ಸರಿಸಿ. ಜೊತೆಗೆ ಸರಿಸಿದರೆ ಬ್ಲೇಡು ಲೋಹದ ತುಂಡನ್ನು ತನ್ನತ್ತ ಸೆಳೆದುಕೊಂಡುಬಿಡುತ್ತದೆ. ಎಣ್ಣೆಯ ಬ್ರಷ್ಷನ್ನು ಹಲ್ಲು ಹೊರಬರುವ ಕಡೆ ಹಿಡಿಯಿರಿ. ಕೈಗವಸು ಬೇಡ, ಕನ್ನಡಕ ಬೇಕು.

ಬ್ರಷ್ಷಿಗೆ ಸಣ್ಣ ಸುರುಳಿಗಳು ಅಂಟಿದರೆ ಸರಿಯಾಗಿ ಸಾಗಿದೆ. ಕರಿ ಪುಡಿ ಅಂಟಿತೋ, ಫೀಡ್ ಇನ್ನೂ ಕಮ್ಮಿಯಿದೆ.